ಒಳಗೆ ಜನ ಇದ್ದಾರೆ

ಕಕ್ಕಸಿಗೆ ಬೀಗ ಬಿದ್ದ ದಿನ ನಮ್ಮ ಸೋದರಮಾವನ ತಲೆಗೆ ಹೊಸ ಟೋಪಿ ಬಂತು. ಹಸಿರು ಟೋಪಿ. ಮುಂದೆ ಒಂದು ಎಲೆಯ ಚಿತ್ರ, ಅದರ ಕೆಳಗೆ ‘ಯುವ ಪಾಲುದಾರ’ ಎಂಬ ಅಕ್ಷರ. ಮಾವನಿಗೆ ಆಗಲೇ ಐವತ್ತು ದಾಟಿತ್ತು. ಉಳಿದಿದ್ದ ನಾಲ್ಕು ಕೂದಲೂ ಬೆಳ್ಳಗಾಗಿದ್ದವು.

“ಯುವಕ ಎಲ್ಲೋ?” ಎಂದು ಅಜ್ಜಿ ಮಗನ ಸುತ್ತ ಒಂದು ಸುತ್ತು ಬಂದು ಹುಡುಕಿದಳು.

ಮಾವ ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ. ಕಕ್ಕಸಿನ ಮುಂದೆ ಕುರ್ಚಿ ಹಾಕಿ ಕೂತ.

ಆ ಕಕ್ಕಸು ಕಟ್ಟಿದ್ದು ನಾವು.

ಗೋದಾಮುಗಳ ಹಿಂದೆ ತಗಡಿನ ಮನೆಗಳ ಎರಡು ಸಾಲು. ಅಲ್ಲಿ ನಮ್ಮ ಮನೆ. ಅಮ್ಮ, ಅಜ್ಜಿ, ಅತ್ತಿಗೆ, ನಾನು. ಅಣ್ಣ ಲಾರಿ ಓಡಿಸುತ್ತಾನೆ. ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಎರಡೂ ಸಾಲಿಗೆ ಸೇರಿ ಒಂದೇ ಒಂದು ಕಕ್ಕಸು ಇರಲಿಲ್ಲ. ಗಂಡಸರಿಗೆ ಗೋಡೆ ಸಿಕ್ಕರೆ ಸಾಕು. ಹೆಂಗಸರು ಬೆಳಕು ಹರಿಯುವ ಮೊದಲು ಗೋದಾಮಿನ ಕಾಂಪೌಂಡಿನ ಆಚೆ, ಕೊಳಚೆ ಕಾಲುವೆಯ ಪಕ್ಕದ ಪೊದೆಗೆ ಹೋಗಬೇಕು. ಕಾವಲಿನವರು ಗೋಡೆಯ ಮೇಲೆ ನಿಂತು ಸಿಳ್ಳೆ ಹೊಡೆಯುತ್ತಾರೆ. ಎದ್ದು ನಿಲ್ಲಬೇಕು. ಅವರು ಹೋದ ಮೇಲೆ ಕೂರಬೇಕು. ಮತ್ತೆ ಸಿಳ್ಳೆ. ಮತ್ತೆ ಎದ್ದು ನಿಲ್ಲಬೇಕು. ಅವರಿಗೆ ಅದೊಂದು ಆಟ. ಹಗಲಲ್ಲಿ ನಾವು ನೀರು ಕುಡಿಯುವುದನ್ನೇ ಬಿಟ್ಟಿದ್ದೆವು.

ಇಂಥ ಜಾಗಕ್ಕೆ ಒಂದು ದಿನ ಬಿಳಿ ಕಾರು ಬಂತು. ಇಸ್ತ್ರಿ ಅಂಗಿಯ ಒಬ್ಬ ಇಳಿದ. ಸಂಸ್ಥೆಯ ಸಂಯೋಜಕನಂತೆ. ಗೋಡೆಗೆ ಬ್ಯಾನರು ಕಟ್ಟಿಸಿ, ನಮ್ಮಂಥ ಹುಡುಗ ಹುಡುಗಿಯರನ್ನೆಲ್ಲ ಗುಡ್ಡೆ ಹಾಕಿ ಭಾಷಣ ಶುರು ಮಾಡಿದ. ಸುಸ್ಥಿರ ಅಭಿವೃದ್ಧಿ. ಸುಸ್ಥಿರ ಸಮುದಾಯ. ಸುಸ್ಥಿರ ನಾಳೆ. ಉಸಿರಿಗೊಂದು ಸುಸ್ಥಿರ.

ಅಜ್ಜಿಗೆ ಕಿವಿ ಸ್ವಲ್ಪ ಮಂದ. “ಸುಸ್ತಿನ ಅಭಿವೃದ್ಧಿನಾ? ಅದು ನಮ್ಮಲ್ಲಿ ಬೇಕಾದಷ್ಟು ಆಗಿದೆಯಲ್ಲಪ್ಪ” ಎಂದಳು.

ಅವತ್ತಿನಿಂದ ಅವನ ಹೆಸರು ಸುಸ್ತಣ್ಣ.

ಸುಸ್ತಣ್ಣ ಪಾಲುದಾರಿಕೆ ಎಂದರೇನು ಎಂದು ಬಿಡಿಸಿ ಹೇಳಿದ. ಜಾಗ ಸರ್ಕಾರಿ ಕಚೇರಿಯದು. ಇಟ್ಟಿಗೆ ಸಿಮೆಂಟು ಒಂದು ಕಂಪನಿಯದು. ಮಾರ್ಗದರ್ಶನ ಅವನ ಸಂಸ್ಥೆಯದು. ಉತ್ಸಾಹ ಯುವಜನರದು. ನಾವು ಚಪ್ಪಾಳೆ ತಟ್ಟಿದೆವು. ಉತ್ಸಾಹ ಎಂದರೆ ಏನೆಂದು ಆಮೇಲೆ ಗೊತ್ತಾಯಿತು. ಉತ್ಸಾಹ ಎಂದರೆ ಹತ್ತಡಿ ಆಳದ ಗುಂಡಿ.

“ಕೂಲಿ?” ಎಂದು ನಾನು ಕೇಳಿದೆ.

“ಪಾಲುದಾರರು ಕೂಲಿ ಕೇಳ್ತಾರೇನಮ್ಮ?” ಎಂದು ನಕ್ಕ.

ತೋಡಿದೆವು. ಹಗಲು ಹೊರಗೆ ದುಡಿದು ಬಂದು ಸಂಜೆ ಇಲ್ಲಿ ತೋಡಿದೆವು. ಮೊದಲು ಕೆಂಪು ಮಣ್ಣು, ಆಮೇಲೆ ಕಪ್ಪು ಮಣ್ಣು, ಆಮೇಲೆ ಗೋದಾಮಿನವರು ಯಾವ ಕಾಲದಲ್ಲೋ ಹೂತಿದ್ದ ಪ್ಲಾಸ್ಟಿಕ್ಕು. ಬುಟ್ಟಿ ಹೊತ್ತು ಹೊತ್ತು ಕುತ್ತಿಗೆ ತಿರುಗುತ್ತಿರಲಿಲ್ಲ. ಸಿಮೆಂಟು ಕಲಸಿ ಬೆರಳ ಸಂದು ಸೀಳಿತು. ಅನ್ನ ಕಲಸಿದರೆ ಉಪ್ಪು ತಗುಲಿ ಉರಿಯುತ್ತಿತ್ತು. ಅಮ್ಮ ಕಲಸಿ ಉಂಡೆ ಮಾಡಿ ಬಾಯಿಗೆ ಇಡುತ್ತಿದ್ದಳು, ಬೈಯುತ್ತಾ ಇಡುತ್ತಿದ್ದಳು.

ಆದರೆ ಒಂದು ಮಾತು ಹೇಳಬೇಕು. ನನಗೆ ಖುಷಿಯೂ ಇತ್ತು. ನಾನು ಗಾರೆ ಕೆಲಸಕ್ಕೆ ಹೋಗುವವಳು. ಅಲ್ಲಿ ಮೇಸ್ತ್ರಿ ನನ್ನ ಕೈಗೆ ಕರಣೆ ಕೊಡುವುದಿಲ್ಲ. ಹೆಂಗಸರು ಹೊರಬೇಕು, ಕಟ್ಟಬಾರದು, ಅದು ಅವನ ಕಾನೂನು. ಇಲ್ಲಿ ಮೇಸ್ತ್ರಿ ಇರಲಿಲ್ಲ. ಕರಣೆ ನಾನೇ ಹಿಡಿದೆ. ಎಡಗಡೆಯ ಗೋಡೆ ಪೂರ್ತಿ ನನ್ನದು. ಸ್ವಲ್ಪ ಹೊಟ್ಟೆ ಬಂದಿದೆ, ಆಗ ಬಸುರಿಯಾಗಿದ್ದ ನಮ್ಮ ಅತ್ತಿಗೆಯ ಹಾಗೆ. ಆದರೂ ನಿಂತಿದೆ.

ಸುಸ್ತಣ್ಣ ಅದನ್ನು ಗಮನಿಸಿದ. ನಲ್ಲಿ ಪೈಪು ಜೋಡಿಸುವ ಕೆಲಸಕ್ಕೆ ಆರು ತಿಂಗಳ ತರಬೇತಿ ಇದೆ, ಮುಗಿದ ಮೇಲೆ ಕೆಲಸ ಖಂಡಿತ, ನಿನ್ನ ಹೆಸರೇ ಮೊದಲು ಎಂದ. ಆ ದಿನದಿಂದ ಕಂಡ ಕಂಡ ನಲ್ಲಿಯ ಕೆಳಗೆ ಬಗ್ಗಿ ನೋಡುವುದೇ ನನ್ನ ಕೆಲಸವಾಯಿತು.

ಕಟ್ಟಡ ಎದ್ದಿತು. ಒಳಗೆ ಆರು ಬಾಗಿಲು, ಅವಕ್ಕೆಲ್ಲ ಸೇರಿ ಒಂದು ಹೊರಬಾಗಿಲು. ಬಿಳಿ ಬಣ್ಣ. ಮೇಲೆ ಟ್ಯಾಂಕು, ಅದರ ಮೇಲೆ ನಗುವ ನೀರಿನ ಹನಿಯ ಚಿತ್ರ. ಕೆಲಸ ಮುಗಿದ ಸಂಜೆ ಹೆಂಗಸರೆಲ್ಲ ಚೊಂಬು ಹಿಡಿದು ಬಂದರು. ಸುಸ್ತಣ್ಣ ಎರಡೂ ಕೈ ಚಾಚಿ ಅಡ್ಡ ನಿಂತ.

“ಉದ್ಘಾಟನೆ ಆಗದೆ ಬಳಸೋ ಹಾಗಿಲ್ಲ. ನಮ್ಮ ಸಂಸ್ಥೆ ಅಧ್ಯಕ್ಷೆ ಮೇಡಂ ಬರ್ಬೇಕು. ಹೊರದೇಶದ ಯುವ ಪ್ರತಿನಿಧಿಗಳೂ ಬರ್ತಾರೆ. ಫೋಟೋದಲ್ಲಿ ಹೊಸದಾಗಿ ಕಾಣ್ಬೇಕು.”

“ಯಾವಾಗ ಬರ್ತಾರೆ?”

“ದಿನ ನೋಡ್ತಿದ್ದೀವಿ.”

ದಿನ ನೋಡುತ್ತಲೇ ಇದ್ದರು. ಒಂದು ಸಲ ಅಧ್ಯಕ್ಷೆಗೆ ಪ್ರವಾಸ. ಒಂದು ಸಲ ಶೀತ. ಒಂದು ಸಲ ಬೇರೆ ಊರಲ್ಲಿ ಸಮ್ಮೇಳನ. ಏನು ಸಮ್ಮೇಳನ ಎಂದರೆ, ನಮ್ಮ ಈ ಕಕ್ಕಸಿನ ಬಗ್ಗೆಯೇ ಮಾತಾಡಲು ಹೋಗಿದ್ದರಂತೆ. ಇತ್ತ ಸುಸ್ತಣ್ಣ ಜಡಿಸಿ, ಸಂಬಳ ಕೊಟ್ಟು ಮಾವನನ್ನು ಕಾಯಲು ಕೂರಿಸಿದ್ದ ಬೀಗ ಬಿಸಿಲಿಗೆ ಕಾದು ಸುಡುತ್ತಿತ್ತು. ನಾವು ಅದರ ಪಕ್ಕದಲ್ಲೇ ಹಾದು ಪೊದೆಗೆ ಹೋಗುತ್ತಿದ್ದೆವು.

ಅತ್ತಿಗೆಯ ಹೊಟ್ಟೆ ತಿಂಗಳು ತಿಂಗಳಿಗೆ ಮುಂದೆ ಬಂತು. ಒಂದು ಬೆಳಿಗ್ಗೆ ಗೋಡೆಯ ಮೇಲಿಂದ ಸಿಳ್ಳೆ ಬಿತ್ತು. ಅವಳು ಗಡಬಡಿಸಿ ಎದ್ದಳು. ಕಾಲು ಜಾರಿತು. ಕಾಲುವೆಗೆ ಬಿದ್ದು ಸೊಂಟದವರೆಗೆ ಕೊಳಚೆಯಲ್ಲಿ ಕೂತಳು. ಎರಡೂ ಕೈಯಿಂದ ಹೊಟ್ಟೆ ಎತ್ತಿ ಹಿಡಿದುಕೊಂಡಿದ್ದಳು, ಕೊಳಚೆ ತಾಗಬಾರದೆಂದು.

“ಏನಮ್ಮಾ, ಈಜು ಬರುತ್ತಾ?” ಎಂದು ಗೋಡೆಯ ಮೇಲಿನವನು ಕೇಳಿದ. ಇನ್ನೊಬ್ಬ ನಕ್ಕ.

ನಾವು ನಾಲ್ಕು ಜನ ಹಿಡಿದು ಎತ್ತಿದೆವು. ಅವಳು ಅಳಲಿಲ್ಲ. ಮನೆಗೆ ಬಂದು ಮೈ ತೊಳೆದುಕೊಂಡಳು. ಮತ್ತೆ ತೊಳೆದುಕೊಂಡಳು. ಚರ್ಮ ಕೆಂಪಾಗುವವರೆಗೆ ತೊಳೆದುಕೊಂಡಳು.

ನಾನು ನೇರ ಮಾವನ ಹತ್ತಿರ ಹೋದೆ.

“ಕೊರಳಲ್ಲಿ ಏನದು ಮಾವ?”

“ಜವಾಬ್ದಾರಿ.”

“ಒಂದು ಗಳಿಗೆ ಆ ಜವಾಬ್ದಾರಿ ಕೊಡಿ. ಅತ್ತಿಗೆ ಹೋಗಿ ಬರ್ತಾಳೆ.”

ಮಾವ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಅವನು ಇದೇ ಗೋದಾಮಿನಲ್ಲಿ ಮೂಟೆ ಹೊತ್ತವನು. ಬೆನ್ನು ಹೋದ ಮೇಲೆ ಅವರು ಹೊರಗೆ ಹಾಕಿದರು. “ಕೆಲಸ ಹೋಗುತ್ತೆ ಕಣೇ” ಎಂದ. “ಈ ಬೆನ್ನಿಗೆ ಇನ್ಯಾರು ಕೆಲಸ ಕೊಡ್ತಾರೆ?”

ಅವನ ಮುಖ ನೋಡಿದರೆ ಬೈಯಲು ಬಾಯಿ ಬರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಕೊನೆಗೂ ದಿನ ಗೊತ್ತಾಯಿತು. ಸುಸ್ತಣ್ಣ ಹಸಿರು ಟೀ ಶರ್ಟುಗಳ ಗಂಟು ತಂದ. ಯುವಜನರ ದನಿಯಾಗಿ ನಾನು ಮಾತಾಡಬೇಕು ಎಂದ. ಮಾತನ್ನೂ ಅವನೇ ತಂದಿದ್ದ. ಬಾಯಿಪಾಠ ಮಾಡಿಸಿದ.

“ಈ ಶೌಚಾಲಯ ನಮ್ಮ ಬದುಕನ್ನೇ ಬದಲಿಸಿದೆ” ಎಂದು ನಾನು ಹೇಳಿದೆ.

“ಇನ್ನೂ ಸ್ವಲ್ಪ ಭಾವನೆ ಇರ್ಲಿ.”

“ಸಾರ್, ಇನ್ನೂ ಬೀಗಾನೇ ತೆಗೆದಿಲ್ವಲ್ಲ?”

“ಭಾಷಣದ ಹೊತ್ತಿಗೆ ತೆಗೆದಿರ್ತೀವಿ.”

ಉದ್ಘಾಟನೆಯ ಬೆಳಿಗ್ಗೆ ಮನೆಮನೆಗೆ ಹೇಳಿ ಕಳಿಸಿದ. ಹೆಂಗಸರು ಬಕೆಟ್ಟು, ನೆಲ ಒರೆಸುವ ಬಟ್ಟೆ ತರಬೇಕು. ಒಳಗೆ ತಿಂಗಳುಗಟ್ಟಲೆ ಧೂಳು ಕೂತಿದೆ, ಜೇಡ ಮನೆ ಮಾಡಿದೆ. ಮೇಡಂ ಬರುವ ಮೊದಲು ಫಳಫಳ ಅನ್ನಬೇಕು. ಹೊರಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್ನು ಆಗಲೇ ಕಟ್ಟಿತ್ತು. ನಾವು ಬಗ್ಗಿ ಅದರ ಕೆಳಗೆ ನುಸುಳಿದೆವು. ಅತ್ತಿಗೆಗೆ ಬಗ್ಗಲು ಆಗಲಿಲ್ಲ. ನಾನು ರಿಬ್ಬನ್ನು ಎತ್ತಿ ಹಿಡಿದೆ.

ಮಂಡಿಯೂರಿ ಒರೆಸಿದೆವು. ಗೋಡೆ ಒರೆಸಿದೆವು. ಬಿಳಿ ಬೇಸಿನ್ನುಗಳನ್ನು ಒಂದೊಂದಾಗಿ ಒರೆಸಿದೆವು. ಒಂದರಲ್ಲೂ ಒಂದು ಹನಿ ಬಿದ್ದಿರಲಿಲ್ಲ. ಒರೆಸುತ್ತಾ ಒರೆಸುತ್ತಾ ಅತ್ತಿಗೆ ನಿಂತುಬಿಟ್ಟಳು. ಗೋಡೆಗೆ ಕೈ ಕೊಟ್ಟಳು. ಬೆಳಗಿನ ಜಾವ ಸಿಳ್ಳೆಗೆ ಹೆದರಿ ಹಾಗೇ ವಾಪಸು ಬಂದಿದ್ದಳು.

“ನನಗೆ ತಡೆಯೋಕಾಗ್ತಿಲ್ಲ ಕಣೇ.”

“ಹಾಗಾದ್ರೆ ಹೋಗು.”

“ಎಲ್ಲಿಗೆ?”

ನಾನು ಎದುರಿಗಿದ್ದ ಬಾಗಿಲು ತೋರಿಸಿದೆ.

“ಅಯ್ಯೋ, ಉದ್ಘಾಟನೆ?”

“ನೀನೇ ಮಾಡು.”

ಅವಳು ನನ್ನ ಮುಖ ನೋಡಿದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಒಳಗೆ ಹೋದಳು. ಚಿಲಕ ಬಿತ್ತು. ಟಕ್.

ಅಜ್ಜಿಗೆ ಕಿವಿ ಮಂದ ನಿಜ, ಆ ಸದ್ದು ಮಾತ್ರ ಕೇಳಿಸಿತು. ಬಟ್ಟೆ ಕೆಳಗೆ ಬಿಸಾಕಿ ಪಕ್ಕದ ಬಾಗಿಲಿಗೆ ನುಗ್ಗಿದಳು. ಟಕ್. ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟಕ್. ಟಕ್. ಟಕ್. ಆರನೆಯದಕ್ಕೆ ಇಬ್ಬರು ಒಟ್ಟಿಗೆ ನುಗ್ಗಿ ಸ್ವಲ್ಪ ಜಗಳವಾಯಿತು.

ಮಾವ ಬೀಗ ಕೈಯಲ್ಲಿ ಹಿಡಿದು ಹೊರಗೆ ನಿಂತಿದ್ದ. ಅವನು ಏನೂ ನೋಡದವನ ಹಾಗೆ ಆಕಾಶದ ಕಡೆ ತಿರುಗಿದ.

ಮನೆಗಳ ಸಾಲಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಚೊಂಬು, ಡಬ್ಬ, ಬಕೆಟ್ಟು ಹಿಡಿದು ಬಂದರು. ಕಟ್ಟಡದ ಸುತ್ತ ಸಾಲು ನಿಂತಿತು. ಒಬ್ಬೊಬ್ಬರೂ ಬಗ್ಗಿ ರಿಬ್ಬನ್ನಿನ ಕೆಳಗೆ ನುಸುಳುತ್ತಿದ್ದರು. ರಿಬ್ಬನ್ನಿಗೆ ಏನೂ ಆಗದ ಹಾಗೆ ಬಹಳ ಮರ್ಯಾದೆಯಿಂದ ನುಸುಳುತ್ತಿದ್ದರು.

ಸುಸ್ತಣ್ಣ ಓಡಿ ಬಂದ. ಮೊದಲ ಬಾಗಿಲು ತಟ್ಟಿದ.

“ಯಾರದು?”

“ಒಳಗೆ ಜನ ಇದ್ದಾರೆ” ಎಂದಳು ಅತ್ತಿಗೆ.

ಎರಡನೆಯದು ತಟ್ಟಿದ. “ತಟ್ಟಬೇಡಪ್ಪ” ಎಂದಿತು ಅಜ್ಜಿಯ ದನಿ. “ತಟ್ಟಿದ್ರೆ ಬರಲ್ಲ.”

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸುಸ್ತಣ್ಣನ ಕಿವಿ ಕೆಂಪಾಯಿತು. ಅವನು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

“ತರಬೇತಿ ನೆನಪಿದೆ ತಾನೆ?”

“ಇದೆ ಸಾರ್.”

“ಬಸ್ಸು ಇನ್ನೇನು ಬರುತ್ತೆ. ಇವರನ್ನ ಹೊರಗೆ ಕರಿ. ನೀನು ಹೇಳಿದ್ರೆ ಕೇಳ್ತಾರೆ.”

ಸುಳ್ಳು ಯಾಕೆ ಹೇಳಲಿ? ಆ ತರಬೇತಿ ನನಗೆ ಬೇಕಿತ್ತು. ಹೊರುವುದು ಸಾಕಾಗಿತ್ತು. ಆದರೆ ಕಣ್ಣ ಮುಂದೆ ಕೊಳಚೆಯಲ್ಲಿ ಕೂತು ಹೊಟ್ಟೆ ಎತ್ತಿ ಹಿಡಿದವಳು ಬಂದಳು.

“ಇಲ್ಲ ಸಾರ್.”

“ಏನು ಇಲ್ಲ?”

“ಕರೆಯಲ್ಲ. ಕೈ ಬಿಡಿ.”

ಅವನು ಕೈ ಬಿಡುವುದಕ್ಕೂ ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಬಸ್ಸಿನಿಂದ ಹೊರದೇಶದ ಹುಡುಗ ಹುಡುಗಿಯರು ಇಳಿದರು. ಬೆಳಿಗ್ಗೆಯಿಂದ ರಸ್ತೆಯ ಮೇಲೆಯೇ ಇದ್ದವರು. ಕೈಯಲ್ಲೆಲ್ಲ ಖಾಲಿ ನೀರಿನ ಬಾಟಲಿ. ಇಳಿಯುವಾಗಲೇ ಕಾಲು ಜೋಡಿಸಿಕೊಂಡು ಇಳಿದರು. ಎದುರಿಗೆ ಕಕ್ಕಸು, ಅದರ ಮುಂದೆ ಸಾಲು. ಇದನ್ನು ಯಾವ ಭಾಷೆಗೂ ತಿರುಗಿಸಿ ಹೇಳಬೇಕಾಗಿರಲಿಲ್ಲ. ಯಾರೂ ಕರೆಯದೆ ಬಂದು ಸಾಲಿನ ತುದಿಯಲ್ಲಿ ನಿಂತರು.

“ಅಲ್ಲಿ ವೇದಿಕೆ ಇದೆ, ಅಲ್ಲಿ ಕುರ್ಚಿ ಇದೆ” ಎಂದು ಸುಸ್ತಣ್ಣ ಕೈಬೀಸಿದ. ಒಬ್ಬರೂ ಅಲುಗಲಿಲ್ಲ. ಸಾಲು ಬಿಟ್ಟರೆ ಜಾಗ ಹೋಗುತ್ತದೆ ಎನ್ನುವುದು ಎಲ್ಲ ದೇಶದವರಿಗೂ ಗೊತ್ತು.

ಕೊನೆಗೆ ಅಧ್ಯಕ್ಷೆ ಇಳಿದರು. ವಯಸ್ಸಾದ ಹೆಂಗಸು. ಒಳ್ಳೆಯ ಚಪ್ಪಲಿ, ಒಳ್ಳೆಯ ಕನ್ನಡಕ. ಸುಸ್ತಣ್ಣ ಕತ್ತರಿ ಇಟ್ಟ ತಟ್ಟೆ ಹಿಡಿದು ಮುಂದೆ ಬಾಗಿದ. ಅವರು ಕತ್ತರಿ ಮುಟ್ಟಲಿಲ್ಲ. ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅವನು ತಟ್ಟೆ ನನ್ನ ಕೈಗೆ ತುರುಕಿ ಸಾಲಿನ ಮುಂದಕ್ಕೆ ಓಡಿದ.

“ದಾರಿ ಬಿಡಿ, ದಾರಿ ಬಿಡಿ. ಮೇಡಂ ಹೋಗ್ಬೇಕು.”

“ನಾವೂ ಅದಕ್ಕೇ ನಿಂತಿರೋದು” ಎಂದಳು ಮುಂದಿದ್ದ ಹೆಂಗಸು.

ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. ಅಧ್ಯಕ್ಷೆಯನ್ನು ಮೇಲಿಂದ ಕೆಳಗೆ ನೋಡಿದಳು. “ಬಾರಮ್ಮ” ಎಂದಳು. “ನನ್ನ ಹಿಂದೆ ನಿಂತ್ಕೋ. ನಾನು ಇನ್ನೊಂದು ಸಲ ಹೋಗೋಳಿದ್ದೀನಿ.”

ಅಧ್ಯಕ್ಷೆ ನಿಂತರು. ಅದನ್ನು ಒಪ್ಪಿಕೊಳ್ಳಬೇಕು, ನಿಂತರು. ಒಂದು ಕಾಲಿನ ಮೇಲೆ ಭಾರ ಬಿಟ್ಟು, ಆಮೇಲೆ ಇನ್ನೊಂದು ಕಾಲಿನ ಮೇಲೆ ಬಿಟ್ಟು, ಬಿಸಿಲಲ್ಲಿ ನಿಂತರು. ಅಜ್ಜಿ ಅವರ ಮೊಮ್ಮಕ್ಕಳ ಲೆಕ್ಕ ಕೇಳಿದಳು. ಮಂಡಿ ನೋವಿಗೆ ಏನು ಹಚ್ಚುತ್ತೀ ಎಂದು ಕೇಳಿದಳು. ಸರದಿ ಬಂದಾಗ ತನ್ನ ಜಾಗವನ್ನೂ ಅವರಿಗೇ ಬಿಟ್ಟುಕೊಟ್ಟಳು. ಅಧ್ಯಕ್ಷೆ ರಿಬ್ಬನ್ನಿನ ಕೆಳಗೆ ಬಗ್ಗಿ ನುಸುಳಿದರು. ಚಿಲಕ ಬಿತ್ತು.

ಆಮೇಲೆ ಒಳಗಿಂದ ಫ್ಲಶ್ಶಿನ ಹಿಡಿಕೆ ಒತ್ತುವ ಸದ್ದು. ಮತ್ತೆ ಒತ್ತುವ ಸದ್ದು.

“ಇಲ್ಲಿ ನೀರು ಬರ್ತಿಲ್ಲ!”

ಬರುವುದಾದರೂ ಎಲ್ಲಿಂದ? ಟ್ಯಾಂಕಿನ ಮೇಲೆ ನಗುವ ಹನಿ ಇತ್ತಲ್ಲ, ಟ್ಯಾಂಕಿನಲ್ಲಿ ಇದ್ದ ನೀರೆಲ್ಲ ಅದೇ. ಪೈಪು ಗೋಡೆಯಿಂದ ಒಂದು ಗೇಣು ಹೊರಗೆ ಬಂದು ಅಲ್ಲಿಗೇ ಮುಗಿದಿತ್ತು.

ಸುಸ್ತಣ್ಣ ಬಾಗಿಲಿಗೆ ಬಾಯಿ ಹಚ್ಚಿದ. “ಮೇಡಂ, ನೀರಿನ ಸಂಪರ್ಕ ಎರಡನೇ ಹಂತದಲ್ಲಿ ಬರುತ್ತೆ.”

“ನಾನು ಮೊದಲನೇ ಹಂತದಲ್ಲೇ ಸಿಕ್ಕಿಹಾಕ್ಕೊಂಡಿದ್ದೀನಿ ಕಣ್ರೀ!”

ಸುಸ್ತಣ್ಣ ತಿರುಗಿ ನನ್ನನ್ನು ನೋಡಿದ. ನನ್ನ ಕಾಲ ಹತ್ತಿರದ ಬಕೆಟ್ಟು ನೋಡಿದ. ಅವನ ಕಣ್ಣು ಏನು ಹೇಳುತ್ತಿತ್ತೆಂದು ಗೊತ್ತಿತ್ತು. ಓಡು, ತಾ. ನಾನು ಬಕೆಟ್ಟು ಎತ್ತಿ ಅವನ ಕೈಗೆ ಕೊಟ್ಟೆ.

“ನಲ್ಲಿ ಗೋದಾಮಿನ ಗೇಟಿನ ಹತ್ತಿರ ಇದೆ ಸಾರ್. ಕಾವಲಿನವರು ಸಿಳ್ಳೆ ಹೊಡೀತಾರೆ. ತಲೆ ಕೆಡಿಸ್ಕೋಬೇಡಿ, ನಾವು ಯಾರೂ ಕೆಡಿಸ್ಕೊಳ್ಳಲ್ಲ.”

ಅವನು ಓಡಿದ. ಸಿಳ್ಳೆ ಕೇಳಿಸಿತು. ನಗು ಕೇಳಿಸಿತು. ಸಂಸ್ಥೆ, ಸಂಯೋಜಕ, ಅಧ್ಯಕ್ಷೆ ಎಂದೆಲ್ಲ ಅವನು ಕೂಗಾಡಿದ್ದೂ ಕೇಳಿಸಿತು. ವಾಪಸು ಬಂದಾಗ ಅರ್ಧ ಬಕೆಟ್ಟು ನೀರು ಬಕೆಟ್ಟಿನಲ್ಲಿತ್ತು, ಉಳಿದದ್ದು ಪ್ಯಾಂಟಿನ ಮೇಲಿತ್ತು. ಹೊರದೇಶದ ಹುಡುಗರು ಇದೂ ಕಾರ್ಯಕ್ರಮವೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅವರಲ್ಲಿ ಒಬ್ಬ ಉದ್ದನೆಯ ಹುಡುಗಿ ಮಾತ್ರ ತಟ್ಟಲಿಲ್ಲ. ಟ್ಯಾಂಕು ನೋಡಿದಳು, ತುಂಡು ಪೈಪು ನೋಡಿದಳು, ನನ್ನ ಮುಖ ನೋಡಿದಳು. ಇನ್ನೊಂದು ಬಕೆಟ್ಟು ಎತ್ತಿಕೊಂಡು ನಲ್ಲಿಯ ಕಡೆ ಹೊರಟಳು. ಅವಳ ಹಿಂದೆ ಇನ್ನಿಬ್ಬರು. ಅವರ ಹಿಂದೆ ನಮ್ಮ ಹುಡುಗರು. ಅಷ್ಟು ಜನ ಒಟ್ಟಿಗೆ ಬರುವುದನ್ನು ನೋಡಿ ಕಾವಲಿನವರು ಗೋಡೆಯಿಂದ ಕೆಳಗೆ ಇಳಿದರು.

ಅಧ್ಯಕ್ಷೆ ಹೊರಗೆ ಬಂದಾಗ ಭಾಷಣದ ಮಾತು ಯಾರೂ ಎತ್ತಲಿಲ್ಲ. ಅವರು ಸುಸ್ತಣ್ಣನನ್ನು ಕರೆದು ನಾಲ್ಕು ಮಾತು ಹೇಳಿದರು. ಮೆಲ್ಲಗೆ ಹೇಳಿದರು. ನಾಲ್ಕಕ್ಕೂ ಅವನು ತಲೆ ತಗ್ಗಿಸಿದ. ಬಸ್ಸು ಹೋಯಿತು. ಮಾವ ಇನ್ನೂ ಬೀಗ ಹಿಡಿದುಕೊಂಡೇ ನಿಂತಿದ್ದ.

“ಇದನ್ನ ಈಗ ಎಲ್ಲಿಗೆ ಹಾಕೋದಮ್ಮ?” ಎಂದು ಅಜ್ಜಿಯನ್ನು ಕೇಳಿದ.

“ಅವನ ಬಾಯಿಗೆ ಹಾಕು” ಎಂದಳು ಅಜ್ಜಿ.

ವಾರದೊಳಗೆ ನೀರಿನ ಪೈಪು ಬಂತು. ತಿಂಗಳೊಳಗೆ ಅತ್ತಿಗೆಗೆ ಹೆಣ್ಣು ಮಗು ಹುಟ್ಟಿತು. ಮಾವನ ಕೆಲಸ ಹೋಯಿತು. ಟೋಪಿಯನ್ನೂ ವಾಪಸು ಕೇಳಿದರು. ನನ್ನ ತರಬೇತಿಯೂ ಹೋಯಿತು. ಶಿಸ್ತಿಲ್ಲದವರಿಗೆ ಅವಕಾಶವಿಲ್ಲವಂತೆ. “ಬಾಯಿ ಮುಚ್ಕೊಂಡು ಇರೋಕೆ ಏನಾಗಿತ್ತು ನಿನಗೆ?” ಎಂದು ಅಮ್ಮ ಅತ್ತಳು. ನಾನು ಮತ್ತೆ ಬುಟ್ಟಿ ಹೊರಲು ಹೋದೆ. ಈಗಲೂ ಪೈಪಿನ ಅಂಗಡಿಯ ಮುಂದೆ ಹಾದರೆ ಹೊಟ್ಟೆ ಉರಿಯುತ್ತದೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಸಂಸ್ಥೆಯವರು ಆ ವರ್ಷ ಬಣ್ಣದ ಪುಸ್ತಕ ಅಚ್ಚು ಹಾಕಿಸಿದರು. ಮುಖಪುಟದಲ್ಲಿ ಸುಸ್ತಣ್ಣ, ಒದ್ದೆ ಪ್ಯಾಂಟು, ಕೈಯಲ್ಲಿ ನಮ್ಮ ಮನೆಯ ಬಕೆಟ್ಟು. ‘ಬೆವರು ಹರಿಸುವ ನಾಯಕತ್ವ’ ಎಂದು ಕೆಳಗೆ ಬರೆದಿತ್ತು. ಅವನಿಗೆ ಬಡ್ತಿಯೂ ಸಿಕ್ಕಿತಂತೆ. ಅತ್ತಿಗೆ ಆ ಪುಟ ಹರಿದು ಮಗುವಿನ ಕೆಳಗೆ ಹಾಸಿದಳು.

ಮಳೆಗಾಲ ಮುಗಿದ ಮೇಲೆ ಅವನು ಮತ್ತೆ ಬಂದ. ನಾಚಿಕೆಯಿಲ್ಲದೆ ಬಂದ. ಈ ಸಲ ಬೀದಿ ದೀಪ. ಬಿಸಿಲು ಕುಡಿದು ಉರಿಯುವ ದೀಪ. ಕಂಬ ಕಂಪನಿಯದು, ಗುಂಡಿ ನಮ್ಮದು. ಹಾರೆ ಸನಿಕೆಗಳನ್ನು ಕಾರಿನಿಂದ ಇಳಿಸಿ ಸಾಲಾಗಿ ಇಟ್ಟ.

ನಾವು ಹನ್ನೆರಡು ಜನ ಕಕ್ಕಸಿನ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆವು. ಯಾರೂ ಏಳಲಿಲ್ಲ.

“ಏಳ್ರಪ್ಪ. ಏನಾಯ್ತು?”

“ಕೂಲಿ ಹೇಳಿ” ಎಂದೆ ನಾನು. “ಆಮೇಲೆ ಪೈಪಿನ ತರಬೇತಿಗೆ ನಮ್ಮಲ್ಲಿ ಮೂರು ಜನ. ನಾನೂ ಒಬ್ಬಳು. ಆಮೇಲೆ, ಕಂಬ ನೆಟ್ಟ ದಿನವೇ ದೀಪ ಹತ್ಬೇಕು. ಯಾರೋ ಬಂದು ಹಚ್ಲಿ ಅಂತ ನಾವು ಕತ್ತಲಲ್ಲಿ ಕಾಯಲ್ಲ.”

“ಇದೆಲ್ಲ ನನ್ನ ಕೈಯಲ್ಲಿ ಇಲ್ಲಮ್ಮ. ಮೇಲಿನವರನ್ನ ಕೇಳ್ಬೇಕು.”

“ಕೇಳಿ.”

“ಈಗಲೇನಾ?”

“ಫೋನ್ ಇದೆಯಲ್ಲ?”

ಅವನು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ನಗುವವರು ಯಾರಾದರೂ ಸಿಗುತ್ತಾರೇನೋ ಎಂದು ಹುಡುಕಿದ. ಸಿಗಲಿಲ್ಲ. ಅಜ್ಜಿ ಮನೆಯೊಳಗಿಂದ ಕುರ್ಚಿ ತಂದು ಅವನ ಹಿಂದೆ ಇಟ್ಟಳು. ಅವನು ಕೂತು ಫೋನ್ ಕಿವಿಗೆ ಹಿಡಿದ. ಆ ಕಡೆ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಮತ್ತೆ ಎತ್ತಲಿಲ್ಲ. ಬಿಸಿಲು ಏರುತ್ತಿತ್ತು. ಅವನು ಬೆವರು ಒರೆಸಿಕೊಂಡು ಮೂರನೆಯ ಸಲ ಒತ್ತಿದ. ರಿಂಗಾಗುವುದು ನಮಗೂ ಕೇಳಿಸುತ್ತಿತ್ತು.

ಆಗಲಿ. ನಮ್ಮಲ್ಲಿ ಯಾರಿಗೂ ಅವಸರವಿರಲಿಲ್ಲ.